ಏರಿಗೊಂದು, ಇಳಿಜಾರಿಗೊಂದು: ತೋಟದ ಬ್ಯಾಟರಿ ಗಾಡಿಯ ಕಂಟ್ರೋಲರ್ ಹೊಂದಿಸುವ ಬಗೆ

ನಮ್ಮದು ಮನೆ ಮೇಲೆ, ತೋಟ ಕೆಳಗೆ. ತೀರ್ಥಹಳ್ಳಿ, ಹೊಸನಗರದ ಕಡೆ ಹೆಚ್ಚಿನವರ ತೋಟ ಇರುವುದೇ ಹೀಗೆ, ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ. ಅಡಿಕೆ ಗೊನೆ ಇಳಿಸಿದ ದಿನ ಅದು ಮೇಲೆ ಬರಬೇಕು, ಕೊಯ್ಲು ಮುಗಿದ ಮೇಲೆ ಕೊಟ್ಟಿಗೆ ಗೊಬ್ಬರ ಕೆಳಗೆ ಹೋಗಬೇಕು. ಈ ಎರಡೂ ಕೆಲಸ ಈಗ ಮಾಡುವುದು ಒಂದು ಮೂರು ಗಾಲಿಯ ಬ್ಯಾಟರಿ ಗಾಡಿ. ಹಳೆಯ ಇ-ರಿಕ್ಷಾದ ಹಿಂದಿನ ಆಕ್ಸಲ್ ಮತ್ತು ಮೋಟಾರ್ ತಂದು, ಊರಿನ ವೆಲ್ಡಿಂಗ್ ಶಾಪಿನಲ್ಲಿ ಚಾಸಿ ಕಟ್ಟಿಸಿದ್ದು.

ಮೊದಲ ವರ್ಷವೇ ಅದರ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಅಳೆದು ಬಿಡುವ ಪೆಟ್ಟಿಗೆ, ಸುಟ್ಟುಹೋಯಿತು. ಅದೂ ಏರು ಹತ್ತುವಾಗಲ್ಲ, ಇಳಿಯುವಾಗ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಗಾಡಿಗೆ ಬೆಳಿಗ್ಗೆ ಮೊದಲ ಟ್ರಿಪ್ ಗೊಬ್ಬರ ತುಂಬಿ ಇಳಿಸಿದೆವು. ಅರ್ಧ ದಾರಿಯಲ್ಲಿ ಮೋಟಾರಿನ ಹಿಡಿತ ಇದ್ದಕ್ಕಿದ್ದಂತೆ ಮಾಯ. "ಅಣ್ಣಾ, ಬ್ರೇಕು ಹೋಯ್ತು!" ಅಂತ ಕೂಗಿದ ಹುಡುಗ ಗಾಡಿಯನ್ನು ದರೆಗೆ ಆನಿಸಿ ನಿಲ್ಲಿಸಿದ. ಅವನಿಗೆ ಏನೂ ಆಗಲಿಲ್ಲ, ಗೊಬ್ಬರವೆಲ್ಲ ದಾರಿಗೆ. ಕಂಟ್ರೋಲರ್ ಮತ್ತೆ ಮಾತಾಡಲಿಲ್ಲ. ಅಂಗಡಿಯವರು ನೋಡಿ, "ಮಾಲು ಸರಿ ಇರಲಿಲ್ಲ, ಬೇರೆ ಹಾಕಿ" ಅಂದರು. ಮಾಲು ಸರಿಯೇ ಇತ್ತು. ನಾನು ಹೊಂದಿಸಿದ್ದು ಸರಿ ಇರಲಿಲ್ಲ.

ಆದದ್ದು ಇಷ್ಟು. ಇಳಿಜಾರಿನಲ್ಲಿ ಮೋಟಾರ್ ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುತ್ತದೆ. ರೀಜೆನ್ ಅನ್ನುವುದು ಇದನ್ನೇ. ಬ್ಯಾಟರಿ ಮೊದಲೇ ತುಂಬಿ ಕುಳಿತಿತ್ತು. ಒಂದು ಸೆಲ್ ಮಿತಿ ಮೀರಿದ ಕೂಡಲೇ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಬ್ಯಾಟರಿಯೊಳಗಿನ ಸರ್ಕ್ಯೂಟ್, ತನ್ನ ಕೆಲಸ ತಾನು ಮಾಡಿ ಬಾಗಿಲು ಹಾಕಿತು. ಮೋಟಾರಿನಿಂದ ಬರುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲ, ಕಂಟ್ರೋಲರಿನೊಳಗಿನ ಕೆಪಾಸಿಟರ್ ಬಿಟ್ಟರೆ. ನನ್ನದರಲ್ಲಿದ್ದದ್ದು 63 ವೋಲ್ಟಿನ ಕೆಪಾಸಿಟರ್. ಕಣ್ಣು ಮಿಟುಕಿಸುವುದರೊಳಗೆ ವೋಲ್ಟೇಜ್ ಅದನ್ನು ದಾಟಿ, ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚುಗಳಾದ ಮಾಸ್‌ಫೆಟ್‌ಗಳನ್ನು ತೆಗೆದುಕೊಂಡು ಹೋಯಿತು.

ಹಾಗಾಗಿ ಮುಂದಿನ ಎಲ್ಲ ಸೆಟ್ಟಿಂಗಿಗೂ ಒಂದೇ ಲೆಕ್ಕ: ಸಾಕು ಅನ್ನುವ ಮಾತು ಮೊದಲು ಕಂಟ್ರೋಲರಿನಿಂದ ಬರಬೇಕು. ಬಿಎಂಎಸ್ ಬಾಯಿ ಬಿಡುವ ಸಂದರ್ಭವೇ ಬರಬಾರದು. ಕಂಟ್ರೋಲರ್ ಮೆಲ್ಲಗೆ ಶಕ್ತಿ ಇಳಿಸುತ್ತದೆ. ಬಿಎಂಎಸ್‌ಗೆ ಗೊತ್ತಿರುವುದು ಹಾಕು, ತೆಗೆ, ಎರಡೇ.

ಮೊದಲು ಪ್ಯಾಕಿನ ಜಾತಕ

ಕಂಪನಿಯ ಸ್ಕೂಟರ್ ಇದ್ದವರು ಇಲ್ಲಿಗೇ ನಿಲ್ಲಿಸಿ. ಅದರ ಕಂಟ್ರೋಲರಿಗೆ ಬೀಗ ಇರುತ್ತದೆ, ಬಿಚ್ಚಿದರೆ ವಾರಂಟಿ ಹೋಗುತ್ತದೆ, ರಸ್ತೆಯ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ನಾನು ಬರೆಯುತ್ತಿರುವುದು ತೋಟದೊಳಗಿನ ಗಾಡಿಗೆ, ಸೆಟ್ಟಿಂಗ್ ಬದಲಾಯಿಸಲು ಬರುವ ಕಂಟ್ರೋಲರಿಗೆ. ಫಾರ್‌ಡ್ರೈವರ್, ವೋಟಾಲ್, ಕೆಲ್ಲಿ, ವೆಸ್ಕ್ ಯಾವುದಾದರೂ ಸರಿ. ಮೆನುವಿನಲ್ಲಿ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ವಿಷಯ ಒಂದೇ.

ನನ್ನ ಪ್ಯಾಕು 16 ಸೆಲ್ ಸಾಲಿನ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಸೆಲ್ಲಿಗೆ 3.2 ವೋಲ್ಟಿನಂತೆ 51.2 ವೋಲ್ಟ್, 40 ಎಎಚ್ (ಆಂಪ್ ಅವರ್), ಸುಮಾರು 2 ಯೂನಿಟ್ ವಿದ್ಯುತ್. ಬಿಎಂಎಸ್ 50 ಆಂಪಿನದು. ನಿಮ್ಮದು ಲಿಥಿಯಂನ ಇನ್ನೊಂದು ಬಗೆಯಾದ ಎನ್‌ಎಂಸಿ ಆಗಿದ್ದರೆ ಸೆಲ್ಲಿಗೆ 3.6 ವೋಲ್ಟ್, ತುಂಬಿದಾಗ 4.2. ಎಲ್‌ಎಫ್‌ಪಿ ತುಂಬಿದಾಗ 3.65. ಇದನ್ನು ಅದಲು ಬದಲು ಮಾಡಿಕೊಂಡರೆ ಮುಂದಿನ ಲೆಕ್ಕವೆಲ್ಲ ಅಡಿಮೇಲು. 48 ವೋಲ್ಟ್ ಅಂತ ಸ್ಟಿಕ್ಕರ್ ಹಚ್ಚಿ ಮಾರುವ ಪ್ಯಾಕಿನೊಳಗೆ 13 ಎನ್‌ಎಂಸಿ ಸೆಲ್ ಇರಬಹುದು, 15 ಅಥವಾ 16 ಎಲ್‌ಎಫ್‌ಪಿ ಇರಬಹುದು. ಸ್ಟಿಕ್ಕರ್ ನಂಬಬೇಡಿ. ಬಿಎಂಎಸ್‌ಗೆ ಬರುವ ತೆಳು ವೈರುಗಳನ್ನು ಎಣಿಸಿ. ಬಹಳಷ್ಟು ಪ್ಯಾಕಿನಲ್ಲಿ ಸೆಲ್ಲಿಗಿಂತ ಒಂದು ವೈರು ಹೆಚ್ಚಿರುತ್ತದೆ. ಉಂಗುರ, ವಾಚು ತೆಗೆದಿಟ್ಟು ಈ ಕೆಲಸಕ್ಕೆ ಕೂರಿ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ, ನನಗೂ ಹೇಳಲಿಲ್ಲ. ಬಿಎಂಎಸ್‌ನಲ್ಲಿ ಕಾಮನ್ ಪೋರ್ಟ್, ಸೆಪರೇಟ್ ಪೋರ್ಟ್ ಅಂತ ಎರಡು ಬಗೆ. ಚಾರ್ಜರಿಗೂ ಮೋಟಾರಿಗೂ ಒಂದೇ ಮೈನಸ್ ವೈರ್ ಇದ್ದರೆ ಕಾಮನ್. ಪಿ ಮೈನಸ್, ಸಿ ಮೈನಸ್ ಎಂದು ಬೇರೆ ಬೇರೆ ಇದ್ದರೆ ಸೆಪರೇಟ್. ಸೆಪರೇಟ್ ಪೋರ್ಟಿನಲ್ಲಿ ರೀಜೆನ್ ಕರೆಂಟ್ ಮೋಟಾರಿನ ವೈರಿನಲ್ಲೇ ಹಿಂದೆ ಬರುತ್ತದೆ, ಚಾರ್ಜ್ ತಡೆಯುವ ಸ್ವಿಚ್ಚು ಆ ದಾರಿಯಲ್ಲಿ ಇರುವುದೇ ಇಲ್ಲ. ಅಂದರೆ ಸೆಲ್ ಮಿತಿ ಮೀರಿ ತುಂಬಿದರೂ ತಡೆಯುವವರಿಲ್ಲ. ಕಾಮನ್ ಪೋರ್ಟಿನಲ್ಲಿ ಕಂಟ್ರೋಲರ್ ಸಾಯುತ್ತದೆ, ಸೆಪರೇಟ್ ಪೋರ್ಟಿನಲ್ಲಿ ಬ್ಯಾಟರಿ ಸಾಯುತ್ತದೆ. ಸೆಪರೇಟ್ ಪೋರ್ಟ್ ಇದ್ದವರು ರೀಜೆನ್ ಪೂರ್ತಿ ಬಂದ್ ಮಾಡಿ ಯಾಂತ್ರಿಕ ಬ್ರೇಕಿನಲ್ಲೇ ಇಳಿಯುವುದು ಒಳ್ಳೆಯದು.

ಗಾಲಿ ಎತ್ತಿ ಶುರು ಮಾಡಿ

ಹಿಂದಿನ ಗಾಲಿ ಎರಡನ್ನೂ ಜಾಕ್ ಹಾಕಿ ನೆಲದಿಂದ ಎತ್ತಿ. ಕಂಟ್ರೋಲರಿನಲ್ಲಿ ಈಗ ಇರುವ ಸೆಟ್ಟಿಂಗಿನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಲ ತಪ್ಪಿ ಎಲ್ಲವನ್ನೂ ಅಳಿಸಿಕೊಂಡವನ ಮಾತು ಇದು.

ಮೋಟಾರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ಹೇಳುವ ಹಾಲ್ ಸೆನ್ಸರ್ ಮತ್ತು ಮೋಟಾರಿಗೆ ಕರೆಂಟ್ ಒಯ್ಯುವ ಫೇಸ್ ವೈರಿನ ಜೋಡಣೆ ಸರಿ ಇದೆಯೇ ನೋಡಿ. ಸರಿ ಇದ್ದರೆ ಖಾಲಿ ತಿರುಗುವಾಗ ಮೋಟಾರ್ ನಯವಾಗಿ ತಿರುಗಿ ಕೆಲವೇ ಆಂಪ್ ತಿನ್ನುತ್ತದೆ. ತಪ್ಪಿದ್ದರೆ ನಡುಗುತ್ತದೆ, ಗರಗರ ಅನ್ನುತ್ತದೆ, ಭಾರವಿಲ್ಲದಿದ್ದರೂ ಕರೆಂಟ್ ಏರುತ್ತದೆ. ಹೀಗಿದ್ದರೆ ಮುಂದಿನ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಮಲ್ಟಿಮೀಟರ್ ತೆಗೆದುಕೊಂಡು ಬ್ಯಾಟರಿಯ ಎರಡು ತುದಿಯಲ್ಲಿ ವೋಲ್ಟೇಜ್ ನೋಡಿ, ಆ್ಯಪ್‌ನಲ್ಲಿ ಕಂಟ್ರೋಲರ್ ತೋರಿಸುವುದನ್ನೂ ನೋಡಿ. ನನ್ನದರಲ್ಲಿ 0.7 ವೋಲ್ಟ್ ವ್ಯತ್ಯಾಸ ಇತ್ತು. ಕಂಟ್ರೋಲರ್ ನಡೆಯುವುದು ತನ್ನ ಲೆಕ್ಕದ ಮೇಲೆ, ನಿಮ್ಮ ಮೀಟರಿನ ಮೇಲಲ್ಲ. ಆ ವ್ಯತ್ಯಾಸವನ್ನು ಮುಂದಿನ ಎಲ್ಲ ವೋಲ್ಟೇಜಿಗೂ ಕೂಡಿಸಿ ಅಥವಾ ಕಳೆದು ಹಾಕಬೇಕು.

ಬ್ಯಾಟರಿ ಕರೆಂಟ್, ಫೇಸ್ ಕರೆಂಟ್

ಇಲ್ಲಿ ಎಲ್ಲರೂ ಎಡವುತ್ತಾರೆ. ಎರಡೂ ಆಂಪಿನಲ್ಲೇ ಇರುತ್ತವೆ, ಆದರೆ ಎರಡೂ ಒಂದೇ ಅಲ್ಲ. ಬ್ಯಾಟರಿ ಕರೆಂಟ್ ಪ್ಯಾಕಿನಿಂದ ಹೊರಡುವುದು. ಫೇಸ್ ಕರೆಂಟ್ ಮೋಟಾರಿನ ಸುರುಳಿಯಲ್ಲಿ ಓಡುವುದು. ಗಾಡಿ ಮೆಲ್ಲಗೆ ಹೋಗುವಾಗ ಕಂಟ್ರೋಲರ್ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸುತ್ತದೆ, ಗಿಯರ್ ಇಳಿಸಿದ ಹಾಗೆ. ಅರ್ಧ ವೋಲ್ಟೇಜಿನಲ್ಲಿ ಓಡುತ್ತಿದ್ದರೆ ಫೇಸ್ ಕರೆಂಟ್ ಬ್ಯಾಟರಿ ಕರೆಂಟಿನ ಹೆಚ್ಚುಕಮ್ಮಿ ಎರಡರಷ್ಟು.

ಬ್ಯಾಟರಿ ಕರೆಂಟಿನ ಮಿತಿಗೆ ಮೂರು ಅಂಕಿ ನೋಡಿ: ಸೆಲ್ ತಯಾರಕರು ನಿರಂತರ ಕೊಡಬಹುದು ಎಂದದ್ದು, ಬಿಎಂಎಸ್ ತಾಳುವುದು, ನಿಮ್ಮ ವೈರು ಮತ್ತು ಫ್ಯೂಸ್ ತಾಳುವುದು. ಮೂರರಲ್ಲಿ ಚಿಕ್ಕದನ್ನು ಹಿಡಿದು ಅದಕ್ಕಿಂತ ಇನ್ನೂ ಸ್ವಲ್ಪ ಕೆಳಗೆ ಇಡಿ. ನನ್ನ ಸೆಲ್ 40, ಬಿಎಂಎಸ್ 50. ನಾನಿಟ್ಟದ್ದು 36.

"36 ಆಂಪಿನಲ್ಲಿ ಏರು ಹತ್ತುತ್ತಾ ಮಾರಾಯ?" ಅಂತ ಭಾವ ಕೇಳಿದ. ಲೆಕ್ಕ ಹಾಕಿ ತೋರಿಸಿದೆ. ಗಾಡಿ, ಅಡಿಕೆ, ಹುಡುಗ ಎಲ್ಲ ಸೇರಿ 600 ಕಿಲೋ. ದಾರಿ 10 ಮೀಟರಿಗೆ 1 ಮೀಟರ್ ಏರುತ್ತದೆ. ಗಂಟೆಗೆ ಐದೂವರೆ ಕಿಲೋಮೀಟರಿನಲ್ಲಿ, ಅಂದರೆ ಸೆಕೆಂಡಿಗೆ ಒಂದೂವರೆ ಮೀಟರ್, ಏರಿಗೇ ಸುಮಾರು 880 ವ್ಯಾಟ್ ಬೇಕು. ಮಣ್ಣು ದಾರಿಯ ಎಳೆತಕ್ಕೆ 260 ಸೇರಿಸಿ. ಮೋಟಾರ್, ಗಿಯರ್, ಕಂಟ್ರೋಲರ್ ತಿನ್ನುವುದನ್ನೂ ಹಿಡಿದರೆ ಬ್ಯಾಟರಿಯಿಂದ 1500 ವ್ಯಾಟ್, 30 ಆಂಪ್. ಅದೇ ಏರನ್ನು ಎರಡರಷ್ಟು ವೇಗದಲ್ಲಿ ಹತ್ತುತ್ತೇನೆ ಅಂದರೆ 60 ಆಂಪ್. ಅಡಿಕೆಗೆ ಅಷ್ಟು ಅವಸರ ಇಲ್ಲ. ಬಿಎಂಎಸ್ ಕಿತ್ತುಕೊಳ್ಳುವ ತೊಂದರೆಯ ಅರ್ಧ ಪಾಲು ಸ್ಪೀಡ್ ಲಿಮಿಟ್ ಹಾಕಿದರೆ ಪರಿಹಾರ ಆಗುತ್ತದೆ.

ಫೇಸ್ ಕರೆಂಟನ್ನು ಬ್ಯಾಟರಿ ಕರೆಂಟಿನ ಎರಡೂವರೆಯಿಂದ ಮೂರರಷ್ಟರಿಂದ ಶುರು ಮಾಡಿ. ನಾನು 100ಕ್ಕೆ ಇಟ್ಟೆ. ಕಡಿಮೆಯಾದರೆ ಏರಿನ ಬುಡದಲ್ಲಿ ಗಾಡಿ ಏಳುವುದಿಲ್ಲ. ಹೆಚ್ಚಾದರೆ ಏನಾಗುತ್ತದೆ ನೋಡಿ: ಗಾಲಿ ಕಲ್ಲಿಗೆ ಸಿಕ್ಕಿ ನಿಂತಿದೆ, ಹುಡುಗ ಆಕ್ಸಲರೇಟರ್ ತಿರುವಿ ಹಿಡಿದಿದ್ದಾನೆ. ಸುರುಳಿಯ ರೋಧ 40 ಮಿಲಿಓಮ್ ಅಂತಿಟ್ಟುಕೊಂಡರೆ 120 ಆಂಪಿಗೆ ಸುಮಾರು 575 ವ್ಯಾಟ್ ಪೂರ್ತಿ ಶಾಖ, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಆಗ ಬ್ಯಾಟರಿ ಮೀಟರ್ ತೋರಿಸುವುದು ಬರೀ 11 ಆಂಪ್. "ಮೀಟರು ಕಮ್ಮಿ ತೋರ್ಸ್ತಿತ್ತು, ಆದ್ರೂ ಮೋಟರ್ ವಾಸನೆ ಬಂತು" ಅನ್ನುವುದರ ಗುಟ್ಟು ಇದು. ಮೋಟಾರಿನೊಳಗೆ ಉಷ್ಣಾಂಶದ ಸೆನ್ಸರ್ ಇದ್ದರೆ 100 ಡಿಗ್ರಿಗೆ ಶಕ್ತಿ ಇಳಿಸುವಂತೆ, 120ಕ್ಕೆ ನಿಲ್ಲಿಸುವಂತೆ ಹಾಕಿ.

ಅಗ್ಗದ ರಿಕ್ಷಾ ಕಂಟ್ರೋಲರಿನಲ್ಲಿ ಯಾವ ಮೆನುವೂ ಇರುವುದಿಲ್ಲ. ಅದರೊಳಗೆ ಕರೆಂಟ್ ಅಳೆಯಲು ಇರುವ ಶಂಟ್ ತಂತಿಗೆ ಸೋಲ್ಡರ್ ಬಳಿದು "ಪವರ್ ಜಾಸ್ತಿ" ಮಾಡಿಕೊಡುವವರಿದ್ದಾರೆ. ಶಂಟ್ ದಪ್ಪವಾದರೆ ಕಂಟ್ರೋಲರಿಗೆ ಕರೆಂಟ್ ಕಡಿಮೆ ಕಾಣುತ್ತದೆ, ಅದು ಇನ್ನಷ್ಟು ಬಿಡುತ್ತದೆ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಕಣಜದ ಬಾಗಿಲು ತೆಗೆದ ಹಾಗೆ. ಮಾಡಿಸಬೇಡಿ.

ಕೆಳಗಿನ ವೋಲ್ಟೇಜ್

ಒಳ್ಳೆಯ ಕಂಟ್ರೋಲರಿನಲ್ಲಿ ಇದಕ್ಕೆ ಎರಡು ಅಂಕಿ ಇರುತ್ತವೆ. ಒಂದರಲ್ಲಿ ಶಕ್ತಿ ಇಳಿಸಲು ಶುರು, ಇನ್ನೊಂದರಲ್ಲಿ ಪೂರ್ತಿ ನಿಲುಗಡೆ. ಎಲ್‌ಎಫ್‌ಪಿಗೆ ನಾನು ಸೆಲ್ಲಿಗೆ 3.0 ಮತ್ತು 2.8 ಹಿಡಿಯುತ್ತೇನೆ. ಹದಿನಾರು ಸೆಲ್ಲಿಗೆ 48.0 ಮತ್ತು 44.8. ಎನ್‌ಎಂಸಿಯಾದರೆ 3.4 ಮತ್ತು 3.1, ಹದಿಮೂರು ಸೆಲ್ಲಿಗೆ 44.2 ಮತ್ತು 40.3. ಬಿಎಂಎಸ್ ಎಲ್‌ಎಫ್‌ಪಿ ಸೆಲ್ಲನ್ನು ಸಾಮಾನ್ಯವಾಗಿ 2.5ರ ಹತ್ತಿರ ಕಡಿಯುತ್ತದೆ. ನಡುವೆ ಉಳಿದದ್ದು ನಮ್ಮ ಅಂಚು.

ಇಷ್ಟು ಅಂಚು ಯಾಕೆ ಅಂದರೆ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಪ್ಯಾಕು, ಬಿಎಂಎಸ್, ವೈರು ಎಲ್ಲ ಸೇರಿ 70 ಮಿಲಿಓಮ್ ಇದ್ದರೆ 36 ಆಂಪಿಗೆ ಎರಡೂವರೆ ವೋಲ್ಟ್ ಅಲ್ಲೇ ಹೋಯಿತು. 51.2ರಲ್ಲಿ ನಿಂತಿದ್ದ ಪ್ಯಾಕು ಏರಿನಲ್ಲಿ 48.7 ಕಾಣಿಸುತ್ತದೆ. ಮಾಗಿಯ ಬೆಳಿಗ್ಗೆ ಚಳಿಗೆ ಸೆಲ್ಲಿನ ಒಳರೋಧ ಹೆಚ್ಚಿ ಇನ್ನೂ ಕೆಳಗೆ. ಶುರುವಿನ ಅಂಕಿಯನ್ನು 50ಕ್ಕೆ ಇಟ್ಟರೆ ಅರ್ಧ ಬ್ಯಾಟರಿ ಇರುವಾಗಲೇ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ.

ಲೆಡ್ ಆ್ಯಸಿಡ್ ತೆಗೆದು ಲಿಥಿಯಂ ಹಾಕಿಕೊಂಡವರು ವಿಶೇಷವಾಗಿ ನೋಡಬೇಕಾದ್ದು ಇದನ್ನೇ. ಹಳೆಯ 48 ವೋಲ್ಟಿನ ಕಂಟ್ರೋಲರ್ ಒಂದು ಬ್ಯಾಟರಿಗೆ 10.5ರಂತೆ ನಾಲ್ಕು ಬ್ಯಾಟರಿ ಸೇರಿ 42 ವೋಲ್ಟಿಗೆ ನಿಲ್ಲುತ್ತದೆ. 16 ಎಲ್‌ಎಫ್‌ಪಿಗೆ ಅದು ಸೆಲ್ಲಿಗೆ 2.6. ಹದಿನಾರೂ ಸೆಲ್ ಸಮ ಇದ್ದರೆ ಹೇಗೋ ಸರಿ, ಒಂದು ಸೊರಗಿದ್ದರೂ ಅದು 2.5ಕ್ಕಿಂತ ಕೆಳಗೆ ಹೋಗಿ ಬಿಎಂಎಸ್ ಮೊದಲು ಕಡಿಯುತ್ತದೆ. ಕಡಿದ ಮೇಲೆ ಭಾರ ಇಳಿದು ವೋಲ್ಟೇಜ್ ಮತ್ತೆ ಮೇಲೇಳುತ್ತದೆ, ನಾವು "ಇನ್ನೊಂದು ಟ್ರಿಪ್" ಅನ್ನುತ್ತೇವೆ. ಪ್ರತಿ ಸಲವೂ ಪೆಟ್ಟು ಬೀಳುವುದು ಆ ಒಂದು ಸೊರಗಿದ ಸೆಲ್ಲಿಗೇ.

ಎಲ್‌ಎಫ್‌ಪಿಯ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಂತು ಕೊನೆಗೆ ಒಮ್ಮೆಲೇ ಬೀಳುತ್ತದೆ. ಅದನ್ನು ನೋಡಿ ಎಷ್ಟು ಉಳಿದಿದೆ ಹೇಳಲು ಬರುವುದಿಲ್ಲ. ಬ್ಲೂಟೂತ್ ಇರುವ ಬಿಎಂಎಸ್ ಆದರೆ ಅದು ಎಣಿಸುವ ಎಎಚ್ ನೋಡಿ ಹೊರಡಿ.

ಇಳಿಜಾರು

ಗಾಡಿಯ ಯಾಂತ್ರಿಕ ಬ್ರೇಕೊಂದೇ ತುಂಬಿದ ಭಾರವನ್ನು ಅತಿ ಕಡಿದಾದ ಜಾಗದಲ್ಲಿ ಹಿಡಿದು ನಿಲ್ಲಿಸಬೇಕು. ಅದು ಆಗದ ಗಾಡಿಗೆ ರೀಜೆನ್ ಹಾಕುವುದು ಬೇಡ. ನಾನು ಆ ದಿನ ಕಲಿತದ್ದರಲ್ಲಿ ಇದು ಮೊದಲನೆಯದು. ದರೆ ಎಡಕ್ಕೆ ಇತ್ತು, ಬಲಕ್ಕೆ ಇದ್ದಿದ್ದು ಕೆರೆ.

ರೀಜೆನ್ ಕರೆಂಟ್ ಎಷ್ಟು? ಸೆಲ್ ತಯಾರಕರು ಹೇಳಿದ ಚಾರ್ಜ್ ಮಿತಿ ದಾಟಬಾರದು. ನನ್ನದಕ್ಕೆ 20 ಆಂಪ್, ಇಟ್ಟದ್ದು 12. ಅದೇ 600 ಕಿಲೋ, ಅದೇ ದಾರಿ, ಅದೇ ವೇಗದಲ್ಲಿ ಇಳಿಯುವಾಗ ತಡೆಯಬೇಕಾದ ಶಕ್ತಿ 620 ವ್ಯಾಟ್. ನಷ್ಟವೆಲ್ಲ ಕಳೆದು ಬ್ಯಾಟರಿಗೆ ಬರುವುದು ಸುಮಾರು 8 ಆಂಪ್. ವೇಗ ಎರಡರಷ್ಟಾದರೆ 16 ಬೇಕು, ಆಗ ಕಾಲು ಬ್ರೇಕಿನ ಮೇಲೆ. ಕೆಲವು ಕಂಟ್ರೋಲರಿನಲ್ಲಿ ಈ ಅಂಕಿಯನ್ನು ಮೈನಸ್ ಹಾಕಿ ಬರೆಯಬೇಕು, ವೆಸ್ಕ್‌ನಲ್ಲಿ ಹಾಗೆ. ಇನ್ನು ಕೆಲವದರಲ್ಲಿ ಸಿಗುವುದು ಬರೀ ಶೇಕಡಾವಾರು. ಆಗ ಸಣ್ಣದರಿಂದ ಶುರು ಮಾಡಿ ಮೀಟರ್ ಹಿಡಿದು ನೋಡುವುದೇ ದಾರಿ.

ಮೇಲಿನ ವೋಲ್ಟೇಜಿನ ಮಿತಿ ಇನ್ನೂ ಮುಖ್ಯ. ಸೆಲ್ಲಿಗೆ 3.45ಕ್ಕೆ ರೀಜೆನ್ ಇಳಿಸಲು ಶುರು, 3.55ಕ್ಕೆ ಪೂರ್ತಿ ಬಂದ್. ಹದಿನಾರಕ್ಕೆ 55.2 ಮತ್ತು 56.8. ಹೀಗೆ ಹಾಕಿದರೆ ತುಂಬಿದ ಬ್ಯಾಟರಿಯಲ್ಲಿ ಮೋಟಾರಿನ ಹಿಡಿತ ನಿಧಾನವಾಗಿ ಸಡಿಲವಾಗುತ್ತದೆ, ಹುಡುಗನಿಗೆ ಬ್ರೇಕ್ ಒತ್ತಲು ಹೊತ್ತು ಸಿಗುತ್ತದೆ. ಒಂದೇ ಅಂಕಿ ಕೊಡುವ ಕಂಟ್ರೋಲರ್ ಆದರೆ ಎರಡರಲ್ಲಿ ಚಿಕ್ಕದನ್ನೇ ಹಾಕಿ.

ಇದೆಲ್ಲಕ್ಕಿಂತ ಸುಲಭದ ಉಪಾಯ, ಮೊದಲ ಟ್ರಿಪ್ ಇಳಿಜಾರಾದರೆ ಬ್ಯಾಟರಿ ತುಂಬಿಸದೆ ಇರುವುದು. ನಮ್ಮ ದಾರಿ 30 ಮೀಟರ್ ಇಳಿಯುತ್ತದೆ. ಲೆಕ್ಕಕ್ಕೆ 49 ವ್ಯಾಟ್ ಅವರ್, ಬ್ಯಾಟರಿಗೆ ಸೇರುವುದು ಅರ್ಧದಷ್ಟು, ಪ್ಯಾಕಿನ ನೂರಕ್ಕೆ ಒಂದು ಪಾಲು. ಉಳಿತಾಯ ಅಂತ ನೋಡಿದರೆ ಏನೂ ಅಲ್ಲ, ರೀಜೆನ್ ಹಾಕಿದರೆ ಮೈಲೇಜ್ ಬರುತ್ತದೆ ಅನ್ನುವವರನ್ನು ನಮ್ಮ ತೋಟಕ್ಕೆ ಕರೆಯಬೇಕು. ಆದರೆ ಆ ಒಂದು ಪಾಲು ತುಂಬಿದ ಎಲ್‌ಎಫ್‌ಪಿಗೆ ಹೆಚ್ಚೇ. ತುದಿಯಲ್ಲಿ ಅದರ ವೋಲ್ಟೇಜ್ ನೆಟ್ಟಗೆ ಮೇಲೇರುತ್ತದೆ. ಈಗ ಗೊಬ್ಬರದ ದಿನಗಳಲ್ಲಿ ಚಾರ್ಜರಿಗೆ ಟೈಮರ್ ಹಾಕಿ ನೂರಕ್ಕೆ ತೊಂಬತ್ತಕ್ಕೆ ನಿಲ್ಲಿಸುತ್ತೇನೆ. ತಿಂಗಳಿಗೆ ಎರಡು ಸಲ ಮಾತ್ರ ಪೂರ್ತಿ. ಬಿಎಂಎಸ್ ಸೆಲ್ಲುಗಳನ್ನು ಸಮ ಮಾಡುವುದು ಸಾಮಾನ್ಯವಾಗಿ ತುದಿಗೆ ಬಂದಾಗಲೇ, ಅದಕ್ಕೂ ಅವಕಾಶ ಬೇಕು.

ಆಗುಂಬೆ ಘಾಟಿ ಇಳಿಯುವವರಿಗೂ ಇದೇ ಮಾತು. ಹದಿನಾಲ್ಕು ತಿರುವಿನ ಇಳಿತಕ್ಕೆ ಮುಂಚೆ ಮೇಲೆ ಊರಿನಲ್ಲಿ ಚಾರ್ಜ್ ತುಂಬಿಸಿಕೊಂಡು ಹೊರಟರೆ, ಮೋಟಾರಿನ ಹಿಡಿತ ಬೇಕಾದ ಜಾಗದಲ್ಲೇ ಇರುವುದಿಲ್ಲ.

ಸೆಟ್ಟಿಂಗಿನ ಹೊರಗಿನದು

ಆಕ್ಸಲರೇಟರ್ ಸೊನ್ನೆಯಿಂದ ಪೂರ್ತಿಗೆ ಬರಲು ಒಂದು ಸೆಕೆಂಡ್ ಹಿಡಿಯುವಂತೆ ಹಾಕಿ. ಬ್ರೇಕ್ ಒತ್ತಿದರೆ ಮೋಟಾರ್ ಬಿಡುವ ಸ್ವಿಚ್ ಇರಲಿ. ಫ್ಯೂಸ್ ಡಿಸಿಗೆ ಆಗುವಂಥದ್ದೇ ಬೇಕು, ಬ್ಯಾಟರಿಯ ಪಕ್ಕದಲ್ಲೇ. ಮನೆಯ ಬೋರ್ಡಿನ ಎಂಸಿಬಿ ತಂದು ಹಾಕಿದರೆ ಡಿಸಿ ಕಿಡಿ ಆರುವುದಿಲ್ಲ. ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗುವ ವೈರು ಗಿಡ್ಡ ಇರಲಿ, ಉದ್ದ ಬೇಕಾದರೆ ಮೋಟಾರಿನ ಕಡೆ ಉದ್ದ ಮಾಡಿ. ಕನೆಕ್ಟರ್ ಚುಚ್ಚುವಾಗ ಚಟ್ ಎಂದು ಕಿಡಿ ಹಾರುವುದು ಖಾಲಿ ಕೆಪಾಸಿಟರ್ ತುಂಬುವ ಸದ್ದು. ಕೆಲವು ಬಿಎಂಎಸ್ ಅದನ್ನೇ ಶಾರ್ಟ್ ಅಂತ ತಿಳಿದು ಕಡಿದುಕೊಳ್ಳುತ್ತದೆ. 100 ಓಮಿನ 10 ವ್ಯಾಟ್ ರೆಸಿಸ್ಟರ್ ಮೂಲಕ ಒಂದೆರಡು ಸೆಕೆಂಡ್ ತುಂಬಿಸಿ ಆಮೇಲೆ ಮುಖ್ಯ ಸ್ವಿಚ್ ಹಾಕಿ.

ಮಳೆಯ ಬಗ್ಗೆ ನಮ್ಮವರಿಗೆ ಹೇಳಬೇಕಾಗಿಲ್ಲ, ಹುಲಿಕಲ್ ಪಕ್ಕದವರು. ಕಂಟ್ರೋಲರನ್ನು ವೈರು ಕೆಳಮುಖ ಬರುವಂತೆ ಕೂರಿಸಿ, ವೈರು ಒಂದು ಸಲ ಕೆಳಗೆ ಬಾಗಿ ಮೇಲೆ ಹೋಗಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪರೀಕ್ಷೆಗೆ ಒಂದು ಕ್ಲಾಂಪ್ ಮೀಟರ್ ಬೇಕು. ಅಗ್ಗದ್ದು ಎಸಿ ಮಾತ್ರ ಅಳೆಯುತ್ತದೆ, ಡಿಸಿ ಆಂಪ್ ಅಳೆಯುತ್ತದೆಯೇ ಕೇಳಿಯೇ ತನ್ನಿ. ಮೊದಲು ಖಾಲಿ ಗಾಡಿ ಸಪಾಟು ನೆಲದಲ್ಲಿ, ಆಮೇಲೆ ಅರ್ಧ ಭಾರದಲ್ಲಿ ಏರು, ಆಮೇಲೆ ಪೂರ್ತಿ. ಏರಿನ ನಡುವೆ ಬಿಎಂಎಸ್ ಆ್ಯಪ್‌ನಲ್ಲಿ ಅತಿ ಹೆಚ್ಚಿನ ಸೆಲ್ಲಿಗೂ ಅತಿ ಕಡಿಮೆ ಸೆಲ್ಲಿಗೂ ಎಷ್ಟು ಅಂತರ ಅಂತ ಬರೆದುಕೊಳ್ಳಿ. ಒಂದೇ ಸೆಲ್ ಪ್ರತಿ ಸಲ ಕೆಳಗೆ ಬೀಳುತ್ತಿದ್ದರೆ ಸೆಟ್ಟಿಂಗಿನಿಂದ ಅದು ಸರಿಯಾಗುವುದಿಲ್ಲ, ಸೆಲ್ ಅಥವಾ ಅದರ ಬೋಲ್ಟ್ ನೋಡಬೇಕು. ಇಳಿಜಾರಿನ ಪರೀಕ್ಷೆಯನ್ನು ಬ್ಯಾಟರಿ ಮುಕ್ಕಾಲು ಇರುವಾಗ ಒಮ್ಮೆ, ತುಂಬಿರುವಾಗ ಒಮ್ಮೆ ಮಾಡಿ. ಎರಡನೆಯದಕ್ಕೆ ಖಾಲಿ ಗಾಡಿ, ಕಾಲು ಬ್ರೇಕಿನ ಮೇಲೆ. ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ, ಕಾಫಿ ಕುಡಿದು ಬನ್ನಿ.

ಅಂಕಿಗಳೆಲ್ಲ ಸರಿ ಕೂತ ಮೇಲೆ ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿ. ನಂತರ ಯಾರಾದರೂ "ಸ್ವಲ್ಪ ಪವರ್ ಏರ್ಸಣ" ಅಂತ ಬಂದರೆ ವಾಪಸ್ ಬರಲು ದಾರಿ ಇರುತ್ತದೆ.

ನಮ್ಮಲ್ಲಿ ಆರಿದ್ರೆ ಮಳೆ ಹಿಡಿದ ಮೇಲೆ ಆಶ್ಲೇಷದವರೆಗೆ ದಾರಿ ಜಾರುತ್ತದೆ, ಗಾಡಿ ಕೊಟ್ಟಿಗೆಯಲ್ಲೇ. ಕೀ ಆಫ್ ಮಾಡಿದರೆ ಸಾಲದು. ಕಂಟ್ರೋಲರ್, ಹಾರ್ನಿಗೆ ಹಾಕಿದ ಕನ್ವರ್ಟರ್ ಎಲ್ಲ ಸೇರಿ ಸುಮ್ಮನೆ ಕುಳಿತೇ 30 ಮಿಲಿಆಂಪ್ ಕುಡಿದರೂ ಎರಡು ತಿಂಗಳಿಗೆ 43 ಎಎಚ್ ಆಯಿತು, ಅಂದರೆ ನನ್ನ ಇಡೀ ಪ್ಯಾಕು. ಅರ್ಧಕ್ಕಿಂತ ಸ್ವಲ್ಪ ಮೇಲೆ ಚಾರ್ಜ್ ಇಟ್ಟು, ಮುಖ್ಯ ಕನೆಕ್ಟರನ್ನೇ ಕಿತ್ತು, ಬಾಯಿಗೆ ಟೇಪ್ ಸುತ್ತಿ ಇಡಿ. ಇಲಿ ವೈರು ಕಡಿಯದಂತೆ ಪ್ಯಾಕನ್ನು ಅಟ್ಟದ ಮೇಲಿಡಬೇಡಿ, ಅಲ್ಲೇ ಅವುಗಳ ಸಂಸಾರ.